ಬಾಣೆಯ ಮೇಲೆ ಝೀರೋ ಟರ್ನ್

ಮೇ ತಿಂಗಳ ಕೊನೆಯಲ್ಲಿ, ಮೊದಲ ಮಳೆಗೆ ಹುಲ್ಲು ಚಿಗುರುವ ಹೊತ್ತಿಗೆ, ಅಳಿಯ ಫೋನು ಮಾಡಿದ. ಭಾಗಮಂಡಲದ ದಾರಿಯಲ್ಲಿ ಅವನದೊಂದು ಹೋಂಸ್ಟೇ ಇದೆ. ಮನೆಯ ಮುಂದೆ ಎರಡು ಎಕರೆ ಲಾನು. "ಮಾವ, ಈ ಸಲ ಹುಲ್ಲು ಕತ್ತರಿಸಲು ಕೂತು ಓಡಿಸುವ ಮೆಷಿನ್ನೇ ತಗೊಳ್ತೇನೆ, ಝೀರೋ ಟರ್ನ್. 48 ಇಂಚಿನದ್ದು ತಗೊಳ್ಳಲಾ, 54 ಇಂಚಿನದ್ದಾ?" ಅಂತ ಕೇಳಿದ. ಅವನು ಕೇಳಿದ್ದು ಇಂಚಿನ ಪ್ರಶ್ನೆ. ನಾನು ನೆಲದ ಪ್ರಶ್ನೆ ಕೇಳಿದೆ. "ನಿನ್ನ ಲಾನು ಎಷ್ಟು ಓರೆ ಇದೆ?" "ಓರೆ ಎಲ್ಲಿದೆ ಮಾವ, ಸ್ವಲ್ಪ ಇಳಿಜಾರು ಅಷ್ಟೆ." ಕೊಡಗಿನವರಿಗೆ ನಿಂತರೆ ಜಾರದ ಜಾಗವೆಲ್ಲ ಸಮತಟ್ಟೇ. ನಾವು ಹುಟ್ಟಿದ್ದೇ ಓರೆಯ ಮೇಲಾದ್ದರಿಂದ ಓರೆ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಯಂತ್ರಕ್ಕೆ ಮಾತ್ರ ಬೀಳುತ್ತದೆ.

ಈ ಯಂತ್ರ ತಿರುಗುವ ಬಗೆಯನ್ನು ಮೊದಲು ನೋಡೋಣ. ಎತ್ತು ಕಟ್ಟಿ ಗದ್ದೆ ಉಳುವುದನ್ನು ಕಂಡವರಿಗೆ ಅದು ಸುಲಭವಾಗಿ ತಿಳಿಯುತ್ತದೆ. ಗದ್ದೆಯ ಮೂಲೆಗೆ ಬಂದಾಗ ಒಳಗಿನ ಎತ್ತನ್ನು ತಡೆದು ಹೊರಗಿನದ್ದನ್ನು ಹೊಡೆದರೆ ಜೋಡಿ ನಿಂತಲ್ಲೇ ಸುತ್ತುತ್ತದೆ. ಝೀರೋ ಟರ್ನ್ ಮಾಡುವುದೂ ಇದನ್ನೇ. ಹಿಂದಿನ ಎರಡು ಚಕ್ರಗಳಿಗೂ ಬೇರೆ ಬೇರೆ ಹೈಡ್ರಾಲಿಕ್ ಚಾಲನೆ ಇರುತ್ತದೆ. ಸ್ಟಿಯರಿಂಗಿನ ಬದಲು ತೊಡೆಯ ಮೇಲೆ ಎರಡು ಹಿಡಿಕೆ, ಎಡಗೈಯದ್ದು ಎಡ ಚಕ್ರಕ್ಕೆ, ಬಲಗೈಯದ್ದು ಬಲ ಚಕ್ರಕ್ಕೆ. ಎರಡನ್ನೂ ಸಮನಾಗಿ ಒತ್ತಿದರೆ ನೇರ ಹೋಗುತ್ತದೆ. ಒಂದನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಎಳೆದರೆ ಬುಗುರಿಯಂತೆ ನಿಂತಲ್ಲೇ ತಿರುಗುತ್ತದೆ. ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ ಜಾನ್ ರೆಜಿಯರ್ ಎಂಬಾತ 1960ರ ದಶಕದಲ್ಲಿ ಈ ಬಗೆಯ ಹೈಡ್ರಾಲಿಕ್ ಯಂತ್ರವನ್ನು ರೂಪಿಸಿದ. ಕಾನ್ಸಾಸ್ ಎಂದರೆ ಗೋಧಿಯ ಬಯಲು, ದಿಗಂತದವರೆಗೆ ಹಾಸಿದ ಚಾಪೆಯಂಥ ನೆಲ. ಅಂಥ ನೆಲದಲ್ಲಿ ಹುಟ್ಟಿದ ಯಂತ್ರವನ್ನು ಭಾಗಮಂಡಲದ ದಾರಿಗೆ ತರುವ ಮುನ್ನ ಅದರ ಹುಟ್ಟೂರನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಮುಂದಿನ ಎರಡು ಸಣ್ಣ ಚಕ್ರಗಳು ಆಸ್ಪತ್ರೆಯ ತಳ್ಳುಗಾಡಿಯ ಚಕ್ರಗಳಂತೆ ಸುಮ್ಮನೆ ಹೊರಳುತ್ತವೆ. ಅವು ದಾರಿ ತೋರಿಸುವುದಿಲ್ಲ, ಬ್ರೇಕನ್ನೂ ಹಿಡಿಯುವುದಿಲ್ಲ. ದಾರಿಯೂ ತಡೆಯೂ ಹಿಂದಿನ ಎರಡು ಚಕ್ರಗಳ ಕೈಯಲ್ಲೇ ಇವೆ. ಒದ್ದೆ ಓರೆಯಲ್ಲಿ ಆ ಚಕ್ರಗಳು ಹಿಡಿತ ಬಿಟ್ಟವೆಂದರೆ ತಿರುಗಿಸುವುದು, ನಿಲ್ಲಿಸುವುದು ಎರಡೂ ಒಟ್ಟಿಗೇ ಕೈಬಿಡುತ್ತವೆ. ಕಾರಾದರೆ ಜಾರಿದರೂ ಸ್ಟಿಯರಿಂಗ್ ಹಿಡಿದು ಏನಾದರೂ ಮಾಡಬಹುದು. ಇಲ್ಲಿ ಮಾಡುವುದಕ್ಕೆ ಏನೂ ಉಳಿಯುವುದಿಲ್ಲ. ತಯಾರಕರು ಕೊಡುವ ಕೈಪಿಡಿಗಳಲ್ಲಿ ಸಾಮಾನ್ಯವಾಗಿ 15 ಡಿಗ್ರಿಗಿಂತ ಹೆಚ್ಚಿನ ಓರೆಗೆ ಇಳಿಸಬೇಡಿ ಎಂದಿರುತ್ತದೆ. ಕೆಲವರು 10 ಡಿಗ್ರಿಗೇ ನಿಲ್ಲಿಸುತ್ತಾರೆ. ಅದೂ ಒಣ ಹುಲ್ಲಿನ ಮಾತು. 15 ಡಿಗ್ರಿ ಎಂದರೆ ನಾಲ್ಕು ಅಡಿ ಮುಂದೆ ಹೋಗುವಷ್ಟರಲ್ಲಿ ನೆಲ ಒಂದಡಿಗಿಂತ ಚೂರು ಹೆಚ್ಚು ಏರಬೇಕು. ನಮ್ಮ ಕಡೆಯ ಮನೆಯಂಗಳದಿಂದ ಗದ್ದೆಗೆ ಇಳಿಯುವ ಯಾವ ದಾರಿಯನ್ನಾದರೂ ಅಳೆದು ನೋಡಿ.

ಇಷ್ಟು ಹೇಳಿದ ಮೇಲೂ ಅಳಿಯ ಸೋಲಲಿಲ್ಲ. "ಆಳು ಸಿಗುವುದಿಲ್ಲ ಮಾವ" ಎಂದ. ಅದು ನಿಜವಾದ ಮಾತು, ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. ತೋಟದ ಲೈನ್ ಮನೆಗಳು ಅರ್ಧ ಖಾಲಿಯಾಗಿವೆ. ಕಾಫಿ ಕುಯಿಲಿಗೆ ಅಸ್ಸಾಮಿನಿಂದ ಬರುವವರನ್ನು ಕಾಯುವ ಕಾಲ ಇದು. ಹಾಗಾದರೆ ಲೆಕ್ಕ ಹಾಕೋಣ ಎಂದು ಇಬ್ಬರೂ ಕಾಗದ ಹಿಡಿದು ಕೂತೆವು.

48 ಇಂಚು ಅಗಲ ಕತ್ತರಿಸುವ ಯಂತ್ರ ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ಓಡಿದರೆ ಕಾಗದದ ಮೇಲೆ ಗಂಟೆಗೆ ಸುಮಾರು 2.4 ಎಕರೆ ಆಗುತ್ತದೆ. ಸಾಲಿನ ಮೇಲೆ ಸಾಲು ಹಾಯುವುದು, ತಿರುವು, ಮರದ ಬುಡ ಎಂದು ಐದರಲ್ಲೊಂದು ಪಾಲು ಕಳೆದರೆ ಎರಡೆಕರೆಗೆ ಒಂದು ಗಂಟೆ. 21 ಇಂಚಿನ ತಳ್ಳುವ ಯಂತ್ರದ ಹಿಂದೆ ನಡೆಯುವವನಿಗೆ ಅದೇ ಎರಡೆಕರೆಗೆ ಸುಮಾರು ಐದು ಗಂಟೆ ಬೇಕು. ಅಂದರೆ ಒಂದು ಕಟಾವಿಗೆ ನಾಲ್ಕು ಗಂಟೆ ಉಳಿತಾಯ. ವರ್ಷಕ್ಕೆ 30 ಕಟಾವು ಎಂದಿಟ್ಟುಕೊಂಡರೆ 120 ಗಂಟೆ, ಎಂಟು ಗಂಟೆಯ ದಿನದ ಲೆಕ್ಕದಲ್ಲಿ 15 ಆಳು. ದಿನದ ಕೂಲಿ 600 ರೂಪಾಯಿ ಎಂದು ಹಿಡಿಯೋಣ, ಒಟ್ಟು 9,000 ರೂಪಾಯಿ. ಯಂತ್ರಕ್ಕೆ ಐದು ಲಕ್ಷ ಕೊಟ್ಟನೆಂದಿಟ್ಟುಕೊಳ್ಳಿ. ಅಷ್ಟೇ ಹಣ ನೂರಕ್ಕೆ ಎಂಟರ ಬಡ್ಡಿಯಲ್ಲಿ ಬ್ಯಾಂಕಿನಲ್ಲಿದ್ದರೆ ವರ್ಷಕ್ಕೆ 40,000 ತರುತ್ತಿತ್ತು. ಪೆಟ್ರೋಲು, ಬೆಲ್ಟು, ಬ್ಲೇಡು, ಸವೆತ ಇದರ ಹೊರಗೆ. 9,000 ಉಳಿಸುವುದಕ್ಕೆ 40,000 ಬಿಡುವುದು. ಇದೇ ಲೆಕ್ಕವನ್ನು ಎಳೆಯುತ್ತ ಹೋದರೆ ಹತ್ತು ಎಕರೆಯ ಹತ್ತಿರ ಎರಡೂ ತಟ್ಟೆ ಸಮಕ್ಕೆ ಬರುತ್ತವೆ. ಕೊಡಗಿನಲ್ಲಿ ಹತ್ತು ಎಕರೆ ಕಾಫಿ ಇರುವವರು ಬೇಕಾದಷ್ಟು ಜನ ಇದ್ದಾರೆ. ಹತ್ತು ಎಕರೆ ಲಾನು ಇರುವವರನ್ನು ಬೆರಳಿನಲ್ಲಿ ಎಣಿಸಬಹುದು.

"ಲೆಕ್ಕ ಸರಿ, ಆದರೆ ಆ 15 ಆಳು ಬೇಕಾದ ದಿನವೇ ಸಿಗಬೇಕಲ್ಲ?" ಎಂದು ಅವನು ಮತ್ತೆ ಕೇಳಿದ. ಇದು ಅವನ ಅತ್ಯುತ್ತಮ ವಾದ, ಮತ್ತು ರೂಪಾಯಿಯ ಲೆಕ್ಕ ಇದನ್ನು ಮುಟ್ಟುವುದಿಲ್ಲ. ಶನಿವಾರ ಅತಿಥಿಗಳು ಬರುತ್ತಾರೆ, ಶುಕ್ರವಾರ ಎರಡು ಗಂಟೆ ಮಳೆ ಬಿಡುತ್ತದೆ, ಆ ಎರಡು ಗಂಟೆಯಲ್ಲಿ ಕೆಲಸ ಮುಗಿಯಬೇಕು. ಯಂತ್ರ ಕೊಂಡವನು ನಿಜಕ್ಕೂ ಕೊಳ್ಳುವುದು ಆ ಎರಡು ಗಂಟೆಯನ್ನು. ಬೇರೆ ಊರಿನಲ್ಲಾಗಿದ್ದರೆ ಈ ವಾದಕ್ಕೆ ನಾನು ತಲೆಬಾಗುತ್ತಿದ್ದೆ.

ಆದರೆ ಮಡಿಕೇರಿಯಲ್ಲಿ ವರ್ಷದ ಮಳೆ 3,000 ಮಿಲಿಮೀಟರ್ ದಾಟುತ್ತದೆ, ಭಾಗಮಂಡಲದ ಕಡೆ ಇನ್ನೂ ಹೆಚ್ಚು. ಲಂಡನ್ನಿನಲ್ಲಿ ಇಡೀ ವರ್ಷ ಸುರಿಯುವುದು ಸುಮಾರು 600. ಅಷ್ಟಕ್ಕಿಂತ ಹೆಚ್ಚನ್ನು ನಮ್ಮ ಜುಲೈ ಒಂದೇ ತಿಂಗಳು ಸುರಿದು ಹಾಕುತ್ತದೆ. ಹುಲ್ಲು ಹುಚ್ಚು ಹಿಡಿದಂತೆ ಬೆಳೆಯುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. 30 ಕಟಾವಿನಲ್ಲಿ ಅರ್ಧಕ್ಕಿಂತ ಹೆಚ್ಚು ಬೀಳುವುದು ಅಲ್ಲಿಗೇ. ಆ ನಾಲ್ಕು ತಿಂಗಳು ನೆಲ ಹಿಂಡದ ಬಟ್ಟೆಯಂತಿರುತ್ತದೆ. ಮಳೆ ಎರಡು ಗಂಟೆ ಬಿಟ್ಟರೂ ನೆಲ ಬಿಡುವುದಿಲ್ಲ. ಮುನ್ನೂರು, ನಾನೂರು ಕಿಲೋ ತೂಗುವ ಯಂತ್ರ, ಮೇಲೆ ಕೂತವನ ತೂಕ, ಇಷ್ಟೂ ನಾಲ್ಕು ಚಕ್ರದ ಮೇಲೆ ಆ ಕೆಂಪು ಜೇಡಿಯ ಮೇಲೆ ಹಾಯಬೇಕು. ಸುತ್ತುವಾಗ ಒಳಗಿನ ಚಕ್ರ ನಿಂತಲ್ಲೇ ತಿರುಚಿಕೊಂಡು ಹುಲ್ಲನ್ನು ಬೇರುಸಹಿತ ಸುಲಿಯುತ್ತದೆ. ಒದ್ದೆ ಹುಲ್ಲು ಬ್ಲೇಡಿನ ಹೊದಿಕೆಯೊಳಗೆ ಹಿಟ್ಟಿನಂತೆ ಮೆತ್ತಿಕೊಳ್ಳುತ್ತದೆ, ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ಕೆರೆಯಬೇಕು. ಇನ್ನು ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ನೆಲ ಗಟ್ಟಿಯಾಗಿ, ಒಣಗಿ, ಯಂತ್ರಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಆಗ ಕತ್ತರಿಸುವುದಕ್ಕೆ ಹುಲ್ಲೇ ಇರುವುದಿಲ್ಲ.

ಕೊಡವ ಹಾಕಿ ಹಬ್ಬವನ್ನು ನೋಡಿದವರಿಗೆ ಈ ಪಂಚಾಂಗ ಗೊತ್ತು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಹಬ್ಬ 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳ ತಂಡಗಳವರೆಗೆ ಬೆಳೆಯಿತು. ಇಷ್ಟು ದೊಡ್ಡ ಹಾಕಿ ನಡೆಯುವ ಜಿಲ್ಲೆಗೆ ಹುಲ್ಲು ಕತ್ತರಿಸುವ ಯಂತ್ರ ಬೇಡವೇ ಎಂದು ಯಾರಿಗಾದರೂ ಅನ್ನಿಸಬಹುದು. ಹಬ್ಬ ನಡೆಯುವುದು ಬೇಸಿಗೆಯಲ್ಲಿ. ಆಗ ಮೈದಾನಕ್ಕೆ ಬೇಕಾಗುವುದು ನೀರಿನ ಟ್ಯಾಂಕರು ಮತ್ತು ರೋಲರು. ಮಳೆಗಾಲದಲ್ಲೋ, ನಾವು ಹುಲ್ಲಿನ ಮೈದಾನದ ಆಸೆ ಬಿಟ್ಟು ಕೆಸರುಗದ್ದೆಗೇ ಇಳಿದು ಆಡುತ್ತೇವೆ. ಪೊನ್ನಂಪೇಟೆ, ಕೂಡಿಗೆ, ಸೋಮವಾರಪೇಟೆಯಲ್ಲಿ ಕೃತಕ ಹುಲ್ಲು ಹಾಸಿದ ಮೈದಾನಗಳಿವೆ. ಅಲ್ಲಿ ಕತ್ತರಿಸುವ ತಾಪತ್ರಯವೇ ಇಲ್ಲ.

ಗಾಲ್ಫ್ ಮೈದಾನಗಳ ಮಾತು ಬೇರೆ ಎನ್ನಬಹುದು. ಮಡಿಕೇರಿಯಲ್ಲಿ, ಪಾಲಿಬೆಟ್ಟದಲ್ಲಿ, ವಿರಾಜಪೇಟೆಯ ಹತ್ತಿರ ಬಿಟ್ಟಂಗಾಲದಲ್ಲಿ ಗಾಲ್ಫ್ ಇದೆ. ಆದರೆ ಗಾಲ್ಫಿನ ಮುಖ್ಯ ಯಂತ್ರವೂ ಝೀರೋ ಟರ್ನ್ ಅಲ್ಲ. ಚೆಂಡು ಗುಳಿಗೆ ಉರುಳುವ ನುಣುಪು ಜಾಗವನ್ನು ಕೆಲವೇ ಮಿಲಿಮೀಟರ್ ಎತ್ತರಕ್ಕೆ ಕತ್ತರಿಸಬೇಕು. ಅದಕ್ಕೆ ಉರುಳೆಗೆ ಬ್ಲೇಡು ಸುತ್ತಿದ ಯಂತ್ರ ಬೇಕು. ಅದು ಕತ್ತರಿಯಂತೆ ಕೊಯ್ಯುತ್ತದೆ. ಫ್ಯಾನಿನಂತೆ ತಿರುಗುವ ಬ್ಲೇಡು ಕುಡುಗೋಲಿನಂತೆ ಬೀಸಿ ಹೊಡೆಯುತ್ತದೆ. ಝೀರೋ ಟರ್ನ್ ಈ ಎರಡನೆಯ ಜಾತಿಯದು. ಅದರ ಕೆಲಸ ಕ್ಲಬ್ಬಿನ ಮನೆಯ ಸುತ್ತ, ಮರಗಳ ನಡುವೆ, ಒರಟು ಹುಲ್ಲಿನ ಅಂಚಿನಲ್ಲಿ.

ಉರುಳೆ ಯಂತ್ರದ ಕತೆ ಸ್ವಾರಸ್ಯವಾಗಿದೆ. ಇಂಗ್ಲೆಂಡಿನ ಸ್ಟ್ರೌಡ್ ಎಂಬ ನೇಯ್ಗೆಯ ಊರಿನಲ್ಲಿ ಎಡ್ವಿನ್ ಬಡ್ಡಿಂಗ್ ಎಂಬ ಕುಶಲಕರ್ಮಿ ಇದ್ದ. ಉಣ್ಣೆ ಬಟ್ಟೆಯ ಮೇಲೆ ಎದ್ದ ಜುಂಗನ್ನು ಸಮನಾಗಿ ಕತ್ತರಿಸುವ ಗಿರಣಿ ಯಂತ್ರವನ್ನು ನೋಡಿ ಇದನ್ನು ಹುಲ್ಲಿನ ಮೇಲೆ ಹಾಯಿಸಿದರೆ ಹೇಗೆ ಎಂದುಕೊಂಡ. 1830ರಲ್ಲಿ ಪೇಟೆಂಟ್ ಪಡೆದ. ಅಲ್ಲಿಯವರೆಗೆ ಲಾನು ಎಂದರೆ ಕುರಿಮಂದೆಯೋ ಹತ್ತಾರು ಕುಡುಗೋಲಿನ ಆಳುಗಳೋ ಇರುವ ಶ್ರೀಮಂತರ ಸೊತ್ತು. ನಾಲ್ಕು ವರ್ಷದ ಮೇಲೆ, 1834ರಲ್ಲಿ, ಕಂಪನಿ ಸರ್ಕಾರ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತನ್ನದಾಗಿಸಿಕೊಂಡಿತು. 1854ರಲ್ಲಿ ಫೌಲರ್ ಎಂಬ ಇಂಗ್ಲಿಷಿನವ ಮಡಿಕೇರಿಯಲ್ಲಿ ಕಾಫಿ ತೋಟ ತೆರೆದ. ಅವನ ಹಿಂದೆ ಪ್ಲಾಂಟರುಗಳು ಬಂದರು, ಬಂಗಲೆಗಳು ಬಂದವು, ಬಂಗಲೆಯ ಮುಂದೆ ತಮ್ಮೂರಿನ ನೆನಪಿಗೆ ಒಂದು ತುಂಡು ಹಸಿರು ಹಾಸು ಬಂತು. ನಮ್ಮಲ್ಲಿ ಲಾನು ಕಾಫಿಯ ಜೊತೆ ಬಂದ ಅತಿಥಿ. ಕಾಫಿ ಇಲ್ಲಿಯದೇ ಆಯಿತು. ಲಾನು ಇನ್ನೂ ಊರಿನವನಾಗಿಲ್ಲ ಎಂದು ನನಗನ್ನಿಸುತ್ತದೆ. ಇದು ಪಕ್ಷಪಾತವೂ ಇರಬಹುದು.

ಹಾಗೆಂದು ಕೊಡಗಿಗೆ ಬಯಲು ಹುಲ್ಲು ಗೊತ್ತಿರಲಿಲ್ಲ ಎಂದಲ್ಲ. ಊರಿಗೊಂದು ಮಂದ್ ಎಂಬ ಬಯಲು ಇತ್ತು, ಹಲವು ಊರುಗಳಲ್ಲಿ ಈಗಲೂ ಇದೆ. ಪುತ್ತರಿ ಹಬ್ಬವಾದ ಮೇಲೆ ಕೋಲಾಟ ನಡೆಯುವುದು ಅಲ್ಲೇ. ದನ ಮೇಯ್ದು, ಜನ ತುಳಿದು ಅದರ ಹುಲ್ಲು ತಾನಾಗಿ ಗಿಡ್ಡವಾಗಿರುತ್ತಿತ್ತು. ಕುಟುಂಬದ ಮೂಲಮನೆಯಾದ ಐನ್‌ಮನೆಯ ಮುಂದೆ ಇದ್ದದ್ದು ಸಗಣಿ ಸಾರಿಸಿದ ಕಣ. ಅಲ್ಲಿ ಭತ್ತ ಬಡಿಯಬೇಕು, ಕಾಫಿ ಒಣಗಿಸಬೇಕು. ಅಂಗಳದಲ್ಲಿ ಹುಲ್ಲು ಬೆಳೆದರೆ ಆ ಮನೆಯಲ್ಲಿ ಜನ ಇಲ್ಲ ಎಂದು ಅರ್ಥವಾಗುತ್ತಿತ್ತು. ಹುಲ್ಲಿನ ಜಾಗ ಬಾಣೆ. ಗದ್ದೆಯ ಜೊತೆಗೇ ಅದಕ್ಕೆ ಹೊಂದಿಕೊಂಡ ಬಾಣೆಯನ್ನು ಕಂದಾಯವಿಲ್ಲದೆ ಬಿಟ್ಟುಕೊಟ್ಟದ್ದು ದನ ಮೇಯಲಿ, ಸೊಪ್ಪು ಸೌದೆ ಗೊಬ್ಬರ ಗದ್ದೆಗೆ ಒದಗಲಿ ಎಂದು. ಆ ಲೆಕ್ಕದಲ್ಲಿ ಹುಲ್ಲು ಆಸ್ತಿ. ಅದು ಬೆಳೆದಷ್ಟೂ ಮನೆಗೆ ಲಾಭ.

ಲಾನಿನ ಲೆಕ್ಕ ತಿರುಗುಮುರುಗು. ಹುಲ್ಲು ಬೆಳೆದಷ್ಟೂ ಖರ್ಚು. ಕತ್ತಿಯಲ್ಲಿ ಕುಯ್ದ ಹುಲ್ಲು ಹೊರೆಯಾಗಿ ಕೊಟ್ಟಿಗೆಗೆ ಹೋಗುತ್ತಿತ್ತು. ಯಂತ್ರದ ಬ್ಲೇಡು ಪುಡಿ ಮಾಡಿದ ಹುಲ್ಲನ್ನು ಹಸುವಿನ ಮುಂದೆ ಹಾಕುವ ಹಾಗಿಲ್ಲ, ರಾಶಿ ಹಾಕಿದ ಕೆಲವೇ ಗಂಟೆಯಲ್ಲಿ ಅದು ಬಿಸಿಯೇರಿ ಹುಳಿಯುತ್ತದೆ. ದನವನ್ನು ಮಾರಿ, ದನ ಮಾಡುತ್ತಿದ್ದ ಕೆಲಸಕ್ಕೆ ಯಂತ್ರ ತಂದು, ಆ ಯಂತ್ರಕ್ಕೆ ಗಂಟೆಗೆ ನಾಲ್ಕೈದು ಲೀಟರ್ ಪೆಟ್ರೋಲು ಮೇಯಿಸುವುದು ಕೊಟ್ಟಿಗೆಯ ಕಾಲದವರಿಗೆ ತಮಾಷೆಯಾಗಿ ಕಂಡೀತು. ಹಳೆಯ ಕಾಲವೇ ಚೆನ್ನ ಎನ್ನುವ ಹಟ ನನಗಿಲ್ಲ. ಹೋಂಸ್ಟೇ ಇಲ್ಲದಿದ್ದರೆ ಅಳಿಯ ಬೆಂಗಳೂರಿನಲ್ಲಿರುತ್ತಿದ್ದ. ಕಾಫಿ ದರ ಬಿದ್ದ ವರ್ಷಗಳಲ್ಲಿ ಎಷ್ಟೋ ಮನೆಗಳ ಒಲೆ ಉರಿದದ್ದು ಅತಿಥಿಗಳಿಂದ. ಅತಿಥಿಗೆ ಹಸಿರು ಹಾಸು ಬೇಕು, ಮಕ್ಕಳು ಓಡಲು ಜಾಗ ಬೇಕು. ಎಷ್ಟು ಬೇಕು ಎಂಬುದಷ್ಟೇ ನನ್ನ ತಕರಾರು. ಎರಡು ಎಕರೆಯ ಅಂಚಿನವರೆಗೆ ನಡೆದು ಹೋದ ಅತಿಥಿಯನ್ನು ನಾನಂತೂ ಕಂಡಿಲ್ಲ. ಮಳೆಗಾಲದಲ್ಲಿ ಜಿಗಣೆಯ ಹೆದರಿಕೆಗೆ ಅವರು ವರಾಂಡವನ್ನೇ ಬಿಟ್ಟು ಇಳಿಯುವುದಿಲ್ಲ.

ನನ್ನನ್ನು ನಿಜವಾಗಿ ಚಿಂತೆಗೆ ಹಚ್ಚುವುದು ಖರ್ಚಲ್ಲ, ಯಂತ್ರ ಕೊಂಡ ಮೇಲೆ ಏನಾಗುತ್ತದೆ ಎನ್ನುವುದು. ಐದು ಲಕ್ಷ ಕೊಟ್ಟು ತಂದ ಯಂತ್ರ ಲಾನಿನ ಮೂರನೆಯ ಒಂದು ಭಾಗದಲ್ಲಿ ಮಾತ್ರ ಓಡುತ್ತದೆ, ಉಳಿದದ್ದು ಓರೆ ಎಂದು ಗೊತ್ತಾದಾಗ ಮನುಷ್ಯ ಯಂತ್ರವನ್ನು ಬೈಯುವುದಿಲ್ಲ, ನೆಲವನ್ನು ಬೈಯುತ್ತಾನೆ. ಮರುದಿನ ಜೆಸಿಬಿ ಬರುತ್ತದೆ. ಮೇಲಿನ ಮಣ್ಣನ್ನು ಕಡಿದು ಕೆಳಗೆ ತುಂಬಿ ಓರೆಯನ್ನು ಮಟ್ಟ ಮಾಡುತ್ತಾರೆ. ಕಡಿದ ಕಡೆ ಬೆತ್ತಲೆ ಗೋಡೆ ನಿಲ್ಲುತ್ತದೆ, ತುಂಬಿದ ಕಡೆ ಬೇರಿಲ್ಲದ ಸಡಿಲ ಮಣ್ಣು ಕೂರುತ್ತದೆ. ನೀರು ಇಳಿದು ಹೋಗುತ್ತಿದ್ದ ದಾರಿ ಮುಚ್ಚಿ, ಅದೇ ನೀರು ಮಣ್ಣಿನೊಳಗೆ ನಿಂತು ಭಾರವಾಗುತ್ತದೆ. ಮೇಲೆ ಹಾಸಿದ ಹಸಿರು ಹುಲ್ಲಿನ ಬೇರು ಗೇಣುದ್ದವೂ ಇಳಿದಿರುವುದಿಲ್ಲ. ನೋಡುವುದಕ್ಕೆ ಚೆಂದ, ಗುಡ್ಡವನ್ನು ಹಿಡಿದಿಡುವ ಶಕ್ತಿ ಅದಕ್ಕಿಲ್ಲ.

2018ರ ಆಗಸ್ಟ್ ನೆನಪಿರುವವರಿಗೆ ಇದನ್ನು ವಿವರಿಸಬೇಕಿಲ್ಲ. ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು ಕಡೆ ಗುಡ್ಡಗಳು ತೋಟ ಮನೆ ಸಮೇತ ಕೆಳಗಿಳಿದವು. ಅಂದು ಸುರಿದ ಮಳೆ ಅಸಾಮಾನ್ಯವಾದದ್ದು, ಅದೇ ಮೊದಲ ಕಾರಣ. ಆಮೇಲೆ ಸ್ಥಳ ನೋಡಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯವರು ಮನೆ, ರಸ್ತೆ, ಕಟ್ಟಡಗಳಿಗಾಗಿ ಮನುಷ್ಯ ಓರೆಯನ್ನು ಕಡಿದದ್ದನ್ನೂ ಕಾರಣಗಳಲ್ಲಿ ಸೇರಿಸಿದರು. ಲಾನಿನಿಂದ ಗುಡ್ಡ ಜಾರಿತು ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳುವುದು ಸುಳ್ಳಾಗುತ್ತದೆ. ಮಟ್ಟ ನೆಲದ ಆಸೆಯನ್ನು ಹುಟ್ಟಿಸುವ ಯಾವುದೂ ಈ ಜಿಲ್ಲೆಯಲ್ಲಿ ಬರೀ ಒಂದು ಸಾಮಾನಾಗಿ ಉಳಿಯುವುದಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ. ತೋಟದವರಿಗೆ ಇದು ಹೊಸ ಪಾಠವೂ ಅಲ್ಲ. ಓರೆಯ ಕಾಫಿ ತೋಟದಲ್ಲಿ ಮಳೆಗಾಲಕ್ಕೆ ಕಳೆಯನ್ನು ಅಗೆದು ಕೀಳಬೇಡ, ಕೊಚ್ಚಿ ಅಲ್ಲೇ ಬಿಡು ಎಂದು ಹಿರಿಯರು ಹೇಳುತ್ತಿದ್ದದ್ದು ಬೇರು ಮಣ್ಣನ್ನು ಹಿಡಿದಿರಲಿ ಎಂದೇ. ತೋಟದಲ್ಲಿ ಈ ಎಚ್ಚರ ಇರುವವನೇ ಮನೆಯ ಮುಂದಿನ ಓರೆಯ ವಿಷಯಕ್ಕೆ ಬಂದಾಗ ಮರೆಯುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಕೊಡಗೆಲ್ಲ ಒಂದೇ ನೆಲವಲ್ಲ. ಕುಶಾಲನಗರದ ಕಡೆ, ಕಾವೇರಿ ಬಯಲಿಗಿಳಿಯುವಲ್ಲಿ, ನೆಲ ಅಗಲವಾಗಿ ಹಾಸಿಕೊಂಡಿದೆ, ಮಳೆಯೂ ಮಡಿಕೇರಿಯದ್ದರ ಒಂದು ಪಾಲಷ್ಟೇ. ಅಲ್ಲಿ ದೊಡ್ಡ ಮೈದಾನವಿರುವ ಶಾಲೆಯೋ ರೆಸಾರ್ಟೋ ಹತ್ತು ಹದಿನೈದು ಎಕರೆ ಹುಲ್ಲು ನೋಡಿಕೊಳ್ಳಬೇಕಾಗಿದ್ದರೆ ಝೀರೋ ಟರ್ನ್ ತೆಗೆದುಕೊಳ್ಳುವುದು ಬುದ್ಧಿವಂತಿಕೆಯೇ. ಅಂಥವರಿಗೆ ನಾನು ಹೇಳುವುದಿಷ್ಟು. ಅಗಲದ ಆಸೆಗೆ ಬೀಳಬೇಡಿ. ಉಬ್ಬುತಗ್ಗಿನ ನೆಲದಲ್ಲಿ ಅಗಲ ಹೆಚ್ಚಿದಷ್ಟೂ ಬ್ಲೇಡು ಉಬ್ಬಿದ ಕಡೆ ನೆಲವನ್ನೇ ಬೋಳಿಸುತ್ತದೆ. ಮರಗಳ ನಡುವಿನ ಅತಿ ಕಿರಿದಾದ ಜಾಗವನ್ನೂ ಗೇಟನ್ನೂ ಅಳೆದು, ಅದಕ್ಕಿಂತ ಕಡಿಮೆ ಅಗಲದ್ದನ್ನು ಆರಿಸಿ. ಬ್ಲೇಡಿನ ಹೊದಿಕೆ ಅಚ್ಚೊತ್ತಿದ ತೆಳು ತಗಡಿನದ್ದೋ, ದಪ್ಪ ಉಕ್ಕಿನ ಹಲಗೆ ಬೆಸೆದದ್ದೋ ನೋಡಿ. ನಮ್ಮ ತೇವಕ್ಕೆ ತೆಳು ತಗಡು ಹುಲ್ಲಿನ ರಸದಲ್ಲಿ ನೆನೆದು ತುಕ್ಕು ಹಿಡಿಯುವುದು ಬೇಗ. ಚಕ್ರದ ಹೈಡ್ರಾಲಿಕ್ ಭಾಗದ ಎಣ್ಣೆ, ಫಿಲ್ಟರು ಬದಲಿಸಲು ಬರುತ್ತದೆಯೋ ಅಥವಾ ಮುಚ್ಚಿದ ಡಬ್ಬಿಯೋ ಎಂದು ಕೇಳಿ. ಮುಚ್ಚಿದ್ದಾದರೆ ಕೆಟ್ಟ ದಿನ ಇಡಿಯಾಗಿ ಬದಲಿಸಬೇಕು, ಅದೇ ಯಂತ್ರದ ಅತ್ಯಂತ ದುಬಾರಿ ಅಂಗ. ಉರುಳಿದರೆ ಕಾಪಾಡುವ ಕಂಬಿ ಮತ್ತು ಸೀಟ್ ಬೆಲ್ಟ್ ಇಲ್ಲದ್ದನ್ನು ಮುಟ್ಟಬೇಡಿ. ಕಂಬಿಯನ್ನು ಮಡಚಿಟ್ಟು ಬೆಲ್ಟ್ ಹಾಕಿ ಕೂರುವುದು ಎರಡೂ ಇಲ್ಲದಿರುವುದಕ್ಕಿಂತ ಅಪಾಯ, ಇದನ್ನು ಓಡಿಸುವವನಿಗೆ ಬಿಡಿಸಿ ಹೇಳಬೇಕು. ಬೆಲ್ಟು, ಬೇರಿಂಗು ಮೈಸೂರಿನಲ್ಲಿ ಸಿಗುತ್ತದೆಯೋ, ಬೆಂಗಳೂರಿನಿಂದ ಬರಬೇಕೋ, ಸಮುದ್ರ ದಾಟಿ ಬರಬೇಕೋ ಎಂಬುದನ್ನು ಹಣ ಕೊಡುವ ಮುಂಚೆ ಕೇಳಿ. ಜುಲೈಯಲ್ಲಿ ಬೆಲ್ಟು ತುಂಡಾಗಿ ಆಗಸ್ಟ್ ಕೊನೆಗೆ ಬಂದರೆ ಅಷ್ಟರಲ್ಲಿ ಲಾನು ಬಾಣೆಯಾಗಿರುತ್ತದೆ. ಬ್ಯಾಟರಿಯ ಝೀರೋ ಟರ್ನ್‌ಗಳೂ ಬಂದಿವೆ, ಸದ್ದಿಲ್ಲ, ಹೊಗೆಯಿಲ್ಲ. ಮರ ಬಿದ್ದು ನಾಲ್ಕು ದಿನ ಕರೆಂಟು ಹೋಗುವ ಊರಿನಲ್ಲಿ ಅದನ್ನು ಹೇಗೆ ಚಾರ್ಜ್ ಮಾಡುತ್ತೀರಿ ಎಂಬುದು ನಿಮಗೆ ಬಿಟ್ಟದ್ದು.

ಓರೆಯವರಿಗೆ ಬೇರೆ ದಾರಿಗಳಿವೆ. ಮುಂದಿನ ಚಕ್ರ ತಿರುಗುವ ಸಣ್ಣ ಲಾನ್ ಟ್ರಾಕ್ಟರು ಸಾಧಾರಣ ಇಳಿಜಾರಿನಲ್ಲಿ ಹೆಚ್ಚು ಮಾತು ಕೇಳುತ್ತದೆ. ತಾನೇ ಚಲಿಸುವ, ನಾವು ಹಿಂದೆ ನಡೆಯುವ ಯಂತ್ರ ಜಾರಿದರೂ ಕೈಬಿಟ್ಟು ದೂರ ನಿಲ್ಲಬಹುದು. ಅದಕ್ಕೂ ಆಗದ ಕಡೆ ಹೆಗಲಿಗೆ ಹಾಕಿಕೊಳ್ಳುವ ಕಾಡು ಹೊಡೆಯುವ ಮೆಷಿನ್ ಇದ್ದೇ ಇದೆ. ಅದು ಕೊಡಗಿನ ಪ್ರತಿ ತೋಟದ ಶೆಡ್ಡಿನಲ್ಲೂ ಗೂಟಕ್ಕೆ ನೇತಾಡುತ್ತಿರುತ್ತದೆ. ಅದರ ಪ್ಲಗ್ಗು, ದಾರ, ಬ್ಲೇಡು ಸಂತೆ ನಡೆಯುವ ಊರಲ್ಲೆಲ್ಲ ಸಿಗುತ್ತದೆ. ಅದನ್ನು ಬಿಚ್ಚಿ ಜೋಡಿಸಬಲ್ಲ ಹುಡುಗ ಪ್ರತಿ ಊರಿನಲ್ಲೂ ಒಬ್ಬನಿದ್ದಾನೆ. ಅದರಲ್ಲಿ ಹೊಡೆದ ಹುಲ್ಲು ಕಾರ್ಪೆಟ್ಟಿನಂತೆ ಕಾಣುವುದಿಲ್ಲ, ಒಪ್ಪುತ್ತೇನೆ. ಕಾರ್ಪೆಟ್ಟಿನಂತೆ ಮಾಡಿಟ್ಟರೂ ರಾತ್ರಿ ಕಾಡುಹಂದಿ ಬಂದು ಎರೆಹುಳಕ್ಕಾಗಿ ಉತ್ತು ಹೋದರೆ ಬೆಳಗ್ಗೆ ಎಲ್ಲ ಒಂದೇ.

ಕೊನೆಗೆ ಅಳಿಯನಿಗೆ ಒಂದೇ ಒಂದು ಕೆಲಸ ಹೇಳಿದೆ. ಆರಡಿ ಹಲಗೆಯೊಂದನ್ನು ಲಾನಿನ ಮೇಲೆ ಇಳಿಜಾರಿನ ದಿಕ್ಕಿಗೆ ಇಡು, ಮೇಲೆ ಮೊಬೈಲು ಇಟ್ಟು ಕೋನ ನೋಡು, ಎಂಟು ಹತ್ತು ಕಡೆ ನೋಡು, ಬರೆದುಕೋ. ಎರಡು ದಿನ ಬಿಟ್ಟು ಚೀಟಿ ಕಳಿಸಿದ. ಮನೆಯ ಹತ್ತಿರ 4, 5, 6. ನಡುವೆ 9, 11. ಗದ್ದೆಯ ಕಡೆ ಇಳಿಯುವಲ್ಲಿ 14, 17, ಒಂದು ಕಡೆ 19. ಕೆಳಗೆ ಏನೂ ಬರೆದಿರಲಿಲ್ಲ, ನಾನೂ ಏನೂ ಕೇಳಲಿಲ್ಲ.

ಕೈಲ್‌ಪೊಳ್ದ್ ಹಬ್ಬಕ್ಕೆ ಅಲ್ಲಿಗೆ ಹೋಗಿದ್ದೆ. ಮನೆಯ ಮುಂದಿನ ಅರ್ಧ ಎಕರೆ ನುಣ್ಣಗಿತ್ತು, ತಳ್ಳುವ ಮೆಷಿನ್ನಿನ ಸಾಲುಗಳು ಕಾಣುತ್ತಿದ್ದವು. ಅದರಿಂದಾಚೆ ಕೆಳಗಿನ ಓರೆಯಲ್ಲಿ ಹುಲ್ಲು ಮೊಣಕಾಲಿನವರೆಗೆ ಬಂದು, ನಡುನಡುವೆ ನಾಚಿಕೆಮುಳ್ಳಿನ ಹೂವು ಬಿಟ್ಟಿತ್ತು. ಪಕ್ಕದ ಮನೆಯವರು ಎರಡು ಹಸುಗಳನ್ನು ಅಲ್ಲಿ ಕಟ್ಟಿದ್ದರು. ಬೆಂಗಳೂರಿನಿಂದ ಬಂದಿದ್ದ ಅತಿಥಿಗಳು ಕೊಡೆ ಹಿಡಿದುಕೊಂಡೇ ಅವುಗಳ ಫೋಟೋ ತೆಗೆಯುತ್ತಿದ್ದರು. ಝೀರೋ ಟರ್ನಿನ ಬಣ್ಣದ ಪುಸ್ತಿಕೆ ವರಾಂಡದ ಮೇಜಿನ ಮೇಲೆ ಇನ್ನೂ ಇತ್ತು. ತೆರೆದು ನೋಡಿದೆ. 54 ಇಂಚಿನದ್ದರ ಪುಟದ ಮೂಲೆ ಮಡಚಿಟ್ಟಿದ್ದ.